ಮಾರಾಟಕ್ಕೆ ನಿಂತ ಮಾಳಿಗೆ ಮನೆ

ಮನೆಯನ್ನು ಮಾರುವ ಮುನ್ನ ಕೊಳ್ಳುವವರ ಕಣ್ಣಿಗೆ ಒಪ್ಪುವಂತೆ ಅಣಿಗೊಳಿಸುವುದು ಅಮೆರಿಕದಲ್ಲಿ 1970ರ ದಶಕದಿಂದೀಚೆಗೆ ಪ್ರತ್ಯೇಕ ಕಸುಬಾಗಿಯೇ ಬೆಳೆದಿದ್ದು, 'ಹೋಂ ಸ್ಟೇಜಿಂಗ್' ಎನಿಸಿಕೊಳ್ಳುವ ಆ ಕಸುಬಿನವರು ಬಾಡಿಗೆಯ ಪೀಠೋಪಕರಣ ಜೋಡಿಸುವುದರಿಂದ ಹಿಡಿದು ಮನೆಯವರ ಫೋಟೊಗಳನ್ನು ಗೋಡೆಯಿಂದ ಇಳಿಸುವವರೆಗೆ ಎಲ್ಲವನ್ನೂ ಮಾಡಿಕೊಡುತ್ತಾರೆ. ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡಗಳಲ್ಲಿ ಹಳೆಯ ಮನೆ ನೋಡಲು ಬರುವವರು ಫೋಟೊಗಳತ್ತ ಅಷ್ಟಾಗಿ ಗಮನ ಕೊಡುವುದಿಲ್ಲ. ನೆಲದಡಿ ಏನಿದೆ, ಮಾಳಿಗೆ ಸೋರುತ್ತದೆಯೇ, ಉತಾರ ಯಾರ ಹೆಸರಿನಲ್ಲಿದೆ ಎಂಬ ಮೂರು ಪ್ರಶ್ನೆಗಳನ್ನು ಅವರು ನೇರವಾಗಿಯೋ ಸುತ್ತುಬಳಸಿಯೋ ಕೇಳುತ್ತಾರೆ. ಉತಾರ ಎಂದರೆ ಆಸ್ತಿಯ ಒಡೆತನ, ಅಳತೆ ಮತ್ತು ಋಣಭಾರಗಳನ್ನು ತೋರಿಸುವ ದಾಖಲೆಯ ನಕಲು. ಈ ಮೂರಕ್ಕೂ ಉತ್ತರ ಸಿದ್ಧಪಡಿಸಿಕೊಳ್ಳುವುದೇ ಇಲ್ಲಿ ಮನೆಯನ್ನು ಮಾರಾಟಕ್ಕೆ ಅಣಿಗೊಳಿಸುವ ಕೆಲಸದ ಮುಖ್ಯ ಭಾಗವಾಗಿದ್ದು, ಸುಣ್ಣಬಣ್ಣದ ಸರದಿ ಅದರ ನಂತರ ಬರುತ್ತದೆ.

ಮಾರುವವರಲ್ಲಿ ಬಹಳಷ್ಟು ಮಂದಿ ಹುಬ್ಬಳ್ಳಿ, ಬೆಂಗಳೂರು, ಪುಣೆಯಂತಹ ನಗರಗಳಲ್ಲಿ ನೆಲೆಸಿ, ತಂದೆತಾಯಿಯರ ಕಾಲಾನಂತರ ಬೀಗ ಹಾಕಿಟ್ಟ ಮನೆಯನ್ನು ಏನು ಮಾಡಬೇಕೆಂದು ತಿಳಿಯದ ಮಕ್ಕಳು. ಕೊಳ್ಳುವವರಲ್ಲಿ ಮಕ್ಕಳ ಓದಿಗಾಗಿ ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ರೈತರು, ಶಿಕ್ಷಕರು, ಸಣ್ಣ ವ್ಯಾಪಾರಸ್ಥರು ಹೆಚ್ಚು. ರೈತನ ಕೈಗೆ ಹಣ ಬರುವ ಕಾಲವನ್ನು ಬೆಳೆಯೇ ನಿರ್ಧರಿಸುವುದರಿಂದ, ಹೆಸರು ಒಕ್ಕಣೆಯಾಗಿ ಮಾರುಕಟ್ಟೆಗೆ ಹೋದ ಮೇಲೆ ಒಮ್ಮೆ, ಕಡಲೆ ಮತ್ತು ಬಿಳಿಜೋಳದ ಸುಗ್ಗಿ ಮುಗಿದು ಯುಗಾದಿ ಹತ್ತಿರವಾದಾಗ ಇನ್ನೊಮ್ಮೆ ಮನೆಯ ಮಾತುಕತೆಗಳು ಬಿರುಸಾಗುತ್ತವೆ. ಆಷಾಢದಲ್ಲಿ ಖರೀದಿ ಪತ್ರಕ್ಕೆ ಸಹಿ ಹಾಕಲು ಹಿಂಜರಿಯುವವರು ಈಗಲೂ ಇದ್ದಾರೆ. ಆದರೂ ಮಳೆಗಾಲದಲ್ಲಿ ಮನೆ ತೋರಿಸುವುದಕ್ಕೆ ಒಂದು ಗುಣವಿದೆ: ಮಳೆ ಸುರಿಯುತ್ತಿರುವಾಗಲೂ ಒಣಗಿರುವ ಮಾಳಿಗೆಯನ್ನು ಕಣ್ಣಾರೆ ಕಂಡವನು ಬೆಲೆಯಲ್ಲಿ ಹೆಚ್ಚು ಜಗ್ಗಾಡುವುದಿಲ್ಲ.

ಈ ಭಾಗದ ಹಳೆಯ ಮನೆಗಳು ಕಲ್ಲು ಮತ್ತು ಮಣ್ಣಿನ ದಪ್ಪ ಗೋಡೆಯ, ಚಪ್ಪಟೆ ಮಾಳಿಗೆಯ ಮನೆಗಳು. ಮರದ ಕಂಬಗಳ ಮೇಲೆ ತೊಲೆ, ಅಂದರೆ ಭಾರ ಹೊರುವ ದೊಡ್ಡ ಮರ. ತೊಲೆಗಳ ಮೇಲೆ ಅಡ್ಡಲಾಗಿ ಜಂತಿಗಳೆಂಬ ಸಣ್ಣ ಮರಗಳು. ಜಂತಿಗಳ ಮೇಲೆ ಹಲಗೆ ಅಥವಾ ಕಡ್ಡಿಗಳ ಹಾಸು. ಅದರ ಮೇಲೆ ಮೊಳದಷ್ಟು ದಪ್ಪ ಮಣ್ಣು. ಬೇಸಿಗೆಯಲ್ಲಿ ಈ ಮಾಳಿಗೆಯ ಕೆಳಗಿನ ತಂಪು ಕಾಂಕ್ರೀಟಿನ ಸ್ಲ್ಯಾಬಿನ ಕೆಳಗೆ ಸಿಗುವುದಿಲ್ಲವಾದರೂ, ಪ್ರತಿವರ್ಷ ಮುಂಗಾರಿಗೆ ಮೊದಲು ಮೇಲೆ ಬೆಳೆದ ಹುಲ್ಲನ್ನು ಕಿತ್ತು, ಬಿರುಕುಗಳಿಗೆ ಹೊಸ ಮಣ್ಣು ಹಾಕಿ ಬಡಿದು, ನೀರು ಹೊರಹೋಗುವ ದೋಣಿಗಳನ್ನು ಸ್ವಚ್ಛ ಮಾಡದಿದ್ದರೆ ಅದೇ ಮಾಳಿಗೆ ಜಂತಿಗಳನ್ನು ಕೊಳೆಸುತ್ತದೆ. ನಾಲ್ಕೈದು ವರ್ಷ ಬೀಗ ಹಾಕಿದ ಮನೆಯಲ್ಲಿ ನಿಜವಾದ ಹಾನಿ ಆಗಿರುವುದು ಇಲ್ಲಿಯೇ ಆದ್ದರಿಂದ, ಮಾರಾಟದ ಮಾತೆತ್ತುವ ಮೊದಲು ಬಡಿಗನೊಬ್ಬನನ್ನು ಕರೆಸಿ, ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗಗಳನ್ನು ಉಳಿಯಿಂದ ಚುಚ್ಚಿ ನೋಡಿಸುವುದು ಒಳ್ಳೆಯದು. ಗೆದ್ದಲು ಮತ್ತು ತೇವ ಮೊದಲು ತಾಗುವುದು ಆ ತುದಿಗಳಿಗೆ. ಒಂದೆರಡು ಜಂತಿಗಳನ್ನು ಬದಲಿಸುವ ಖರ್ಚು ದೊಡ್ಡದಲ್ಲ, ಆದರೆ ಕೊಳ್ಳುವವನು ಅದನ್ನು ತಾನೇ ಕಂಡುಹಿಡಿದರೆ ಇಡೀ ಮಾಳಿಗೆಯ ಖರ್ಚನ್ನು ಬೆಲೆಯಿಂದ ಕಳೆಯಲು ಕೇಳುತ್ತಾನೆ.

ಗೋಡೆಗಳ ವಿಷಯದಲ್ಲಿ ಸದುದ್ದೇಶದಿಂದಲೇ ನಡೆಯುವ ಒಂದು ತಪ್ಪನ್ನು ಹೇಳಲೇಬೇಕು. ಮಾರುವ ಮುನ್ನ ಮನೆ 'ಪಕ್ಕಾ' ಕಾಣಲೆಂದು ಹಳೆಯ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸುವ ರೂಢಿ ಬೆಳೆದಿದೆ. ಮಣ್ಣು ಮತ್ತು ಸುಣ್ಣದ ಗೋಡೆ ನೆಲದಿಂದ ಹೀರಿಕೊಂಡ ತೇವವನ್ನು ಮೈಯಿಂದಲೇ ಹೊರಬಿಟ್ಟು ಒಣಗುತ್ತದೆ. ಸಿಮೆಂಟಿನ ಪದರ ಆ ದಾರಿಯನ್ನು ಮುಚ್ಚುವುದರಿಂದ ತೇವ ಒಳಗೇ ನಿಂತು, ಅದರೊಡನೆ ಬಂದ ಲವಣಗಳು ಗಿಲಾವಿನ ಹಿಂದೆ ಹರಳುಗಟ್ಟಿ, ಒಂದೆರಡು ಮಳೆಗಾಲಗಳಲ್ಲಿ ಗಿಲಾವು ಹೊಟ್ಟೆಬಿಟ್ಟು ಕಳಚುತ್ತದೆ. ನವಿಲುತೀರ್ಥದ ಅಣೆಕಟ್ಟಿನಿಂದ ಬರುವ ಮಲಪ್ರಭಾ ಕಾಲುವೆಯ ನೀರಾವರಿ ನರಗುಂದ ಸೀಮೆಯ ಕೃಷಿಯನ್ನು ಬದಲಿಸಿದ್ದರ ಜೊತೆಗೆ ಕೆಲವೆಡೆ ಅಂತರ್ಜಲವನ್ನು ಮೇಲೆತ್ತಿ ಮಣ್ಣನ್ನು ಸವಳಾಗಿಸಿರುವುದರಿಂದ, ಅಲ್ಲಿನ ಗೋಡೆಗಳ ಬುಡದಲ್ಲಿ ಬಿಳಿಯ ಪುಡಿ ಕಾಣಿಸುವುದು ಸಾಮಾನ್ಯ. ಇಂತಹ ಗೋಡೆಗೆ ಸುಣ್ಣದ ಗಾರೆ ಮತ್ತು ಸುಣ್ಣದ ಬಣ್ಣವೇ ಸರಿ, ಅದು ಅಗ್ಗವೂ ಹೌದು.

ಎರೆಭೂಮಿಯ ಮೇಲೆ ಕಟ್ಟಿದ ಹೊಸ ಮನೆಗಳ ತೊಂದರೆ ಬೇರೆ ಬಗೆಯದು. ರೋಣ ಮತ್ತು ನರಗುಂದದ ಸುತ್ತಲಿನ ಕಪ್ಪುಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಾಯಿಬಿಡುವ ಗುಣದ್ದಾದ್ದರಿಂದ, ಅಡಿಪಾಯ ಗಟ್ಟಿ ಪದರದವರೆಗೆ ಇಳಿಯದ ಮನೆಗಳಲ್ಲಿ ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಬಿರುಕುಗಳು ಹೊರಡುತ್ತವೆ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕಿರಿದಾಗುವ ಈ ಬಿರುಕುಗಳನ್ನು ಪುಟ್ಟಿಯಿಂದ ಮುಚ್ಚಿ ಬಣ್ಣ ಬಳಿದರೆ ಮುಂದಿನ ಬೇಸಿಗೆಯಲ್ಲಿ ಅವು ಅದೇ ಜಾಗದಲ್ಲಿ ಮರಳಿ ತೆರೆದುಕೊಳ್ಳುತ್ತವೆ. ಬಿರುಕು ಇನ್ನೂ ಚಲಿಸುತ್ತಿದೆಯೇ ನಿಂತಿದೆಯೇ ಎಂದು ತಿಳಿಯಲು ಎಂಜಿನಿಯರುಗಳು ಬಳಸುವ ಉಪಾಯ ಸರಳ: ಬಿರುಕಿನ ಮೇಲೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆದು ಬಿಡುತ್ತಾರೆ. ಬಿರುಕು ಅಲುಗಾಡಿದರೆ ಗಾಜು ಒಡೆಯುತ್ತದೆ. ವರ್ಷ ಕಳೆದರೂ ಒಡೆಯದ ಗಾಜನ್ನು ಬಂದವರಿಗೆ ತೋರಿಸಬಲ್ಲ ಮಾಲೀಕನ ಮಾತಿಗೆ ಹೊಸ ಬಣ್ಣದ ಗೋಡೆಗಿಂತ ಹೆಚ್ಚು ತೂಕವಿರುತ್ತದೆ.

ನರಗುಂದದಲ್ಲಿ ಮನೆ ಮಾರುವವರು ಎದುರಿಸಬೇಕಾದ ಅತ್ಯಂತ ಕಠಿಣ ಪ್ರಶ್ನೆ ಹಗೇವಿನದು. ಹಗೇವು ಎಂದರೆ ಕಾಳುಕಡಿಗಳನ್ನು, ಅದರಲ್ಲೂ ಜೋಳವನ್ನು, ವರ್ಷಗಟ್ಟಲೆ ಕೆಡದಂತೆ ಇಡಲು ನೆಲದೊಳಗೆ ತೋಡಿದ ಉಗ್ರಾಣ. ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದಾದ ಬಾಯಿ, ಕೆಳಗೆ ಹೋದಂತೆ ಅಗಲವಾಗುವ ಹೊಟ್ಟೆ, ಒಳಮೈಗೆ ಒಣ ಹುಲ್ಲು ಅಥವಾ ಹೊಟ್ಟಿನ ಹೊದಿಕೆ, ಬಾಯಿಯ ಮೇಲೆ ಕಲ್ಲುಚಪ್ಪಡಿ ಮತ್ತು ಮಣ್ಣು. ಬರಗಾಲ ಅಪರೂಪವಲ್ಲದ ಈ ನಾಡಿನಲ್ಲಿ ಹಗೇವು ತುಂಬಿದ ಮನೆ ಎಂದರೆ ಅನುಕೂಲಸ್ಥರ ಮನೆ ಎಂದೇ ಅರ್ಥವಿತ್ತು. ಗೋದಾಮುಗಳೂ ಪಡಿತರ ವ್ಯವಸ್ಥೆಯೂ ಬಂದ ಮೇಲೆ ಹಗೇವುಗಳು ಉಪಯೋಗ ತಪ್ಪಿ, ಕೆಲವನ್ನು ಕಸಕಡ್ಡಿಯಿಂದ ತುಂಬಿ, ಹಲವನ್ನು ಬಾಯಿಗೆ ಚಪ್ಪಡಿ ಮುಚ್ಚಿ ಹಾಗೆಯೇ ಬಿಟ್ಟು, ಮೇಲೆ ಪಡಸಾಲೆ, ಕೋಣೆ, ಕೊನೆಗೆ ರಸ್ತೆಗಳನ್ನೂ ಮಾಡಲಾಯಿತು. 2019ರ ಆಗಸ್ಟ್‌ನ ಮಲಪ್ರಭಾ ಪ್ರವಾಹದ ಆಸುಪಾಸಿನ ವರ್ಷಗಳಲ್ಲಿ ನರಗುಂದ ಪಟ್ಟಣದ ಹಳೆಯ ಬಡಾವಣೆಗಳಲ್ಲಿ ಮನೆಯೊಳಗೂ ಓಣಿಗಳಲ್ಲೂ ನೆಲ ಇದ್ದಕ್ಕಿದ್ದಂತೆ ಕುಸಿಯುತ್ತ ಹೋದಾಗ, ತೇವಗೊಂಡ ಮಣ್ಣು ಮತ್ತು ಮೇಲೇರಿದ ಅಂತರ್ಜಲದ ಜೊತೆಗೆ ಮರೆತುಹೋದ ಈ ಹಗೇವುಗಳೂ ಚರ್ಚೆಗೆ ಬಂದವು. ಅಂದಿನಿಂದ ಹಳೆ ಓಣಿಯ ಮನೆಯನ್ನು ನೋಡಲು ಬರುವವರು ನೆಲವನ್ನು ಕಾಲಿನಿಂದ ತಟ್ಟಿ ನೋಡುವುದರಲ್ಲಿ ಆಶ್ಚರ್ಯವಿಲ್ಲ.

ಮನೆಯಲ್ಲಿ ಹಗೇವು ಇದ್ದದ್ದು ಗೊತ್ತಿದ್ದರೆ ಮಾರುವವರು ಅದನ್ನು ಹುಡುಕಿ ತೆರೆಸಿ, ಸರಿಯಾಗಿ ತುಂಬಿಸಿಯೇ ಮುಂದುವರಿಯಬೇಕು. ಮನೆಯ ಹಿರಿಯರನ್ನೂ ನೆರೆಯವರನ್ನೂ ಕೇಳಿದರೆ ಜಾಗದ ಸುಳಿವು ಸಿಗುತ್ತದೆ. ಸಬ್ಬಲಿನಿಂದ ತಟ್ಟಿದಾಗ ಬರುವ ಟೊಳ್ಳು ದನಿ ಅದನ್ನು ಖಚಿತಪಡಿಸುತ್ತದೆ. ಬಹುಕಾಲ ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುವುದರಿಂದ, ಬಾಯಿ ತೆರೆದು ಗಾಳಿಯಾಡಲು ಬಿಡದೆ ಯಾರೂ ಇಳಿಯಕೂಡದು. ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು ಅದು ಆರುತ್ತದೆಯೇ ಎಂದು ನೋಡುವುದು ಹಿಂದಿನವರ ಪದ್ಧತಿಯಾಗಿತ್ತು, ಆದರೆ ದೀಪ ಉರಿದ ಮಾತ್ರಕ್ಕೆ ಇಳಿಯುವುದು ಕ್ಷೇಮವೆಂದು ತಿಳಿಯಬಾರದು. ತುಂಬಿಸಲು ಇಳಿಯುವ ಅಗತ್ಯವೇನೂ ಇಲ್ಲ. ಗರಸು ಮಣ್ಣನ್ನು, ಅಂದರೆ ಸಣ್ಣ ಕಲ್ಲುಗಳು ಕೂಡಿದ ಗಟ್ಟಿ ಮಣ್ಣನ್ನು, ಮೇಲಿನಿಂದ ಪದರಪದರವಾಗಿ ಸುರಿದು, ಪ್ರತಿ ಪದರಕ್ಕೂ ಹದವಾಗಿ ನೀರು ಹಾಕಿ ಉದ್ದನೆಯ ದಿಮ್ಮಿಯಿಂದ ಬಡಿದು ಕೂರಿಸಬೇಕು. ಎರೆಮಣ್ಣಿನಿಂದಾಗಲಿ ಕಟ್ಟಡದ ಒಡಕಲಿನಿಂದಾಗಲಿ ತುಂಬಿದರೆ ಮತ್ತೆ ಕುಸಿಯುತ್ತದೆ. ಕೆಲಸ ನಡೆಯುವಾಗ ಫೋಟೊ ತೆಗೆದಿಟ್ಟುಕೊಳ್ಳುವುದು ಜಾಣತನ.

ಗಜೇಂದ್ರಗಡದಲ್ಲಿ ನೆಲದೊಳಗಿನ ಗುಂಡಿ ಇನ್ನೊಂದು ಕಾರಣದಿಂದ ಇರುತ್ತದೆ. ಕೋಟೆಯ ಗುಡ್ಡದ ಕೆಳಗೆ ಹರಡಿಕೊಂಡ ಈ ಪಟ್ಟಣ ಸೀರೆ ನೇಯ್ಗೆಗೆ ಹೆಸರಾದದ್ದು. ನೇಕಾರರ ಮನೆಗಳಲ್ಲಿ ಕುಣಿಮಗ್ಗವಿದ್ದರೆ, ನೇಯುವವನು ನೆಲದ ಮಟ್ಟದಲ್ಲಿ ಕುಳಿತು ಕಾಲಿನ ಮಣೆಗಳನ್ನು ತುಳಿಯಲು ಕಾಲಿಳಿಬಿಡುವ ಆಳವಿಲ್ಲದ ಕುಣಿ ಅದರ ಜೊತೆಗಿರುತ್ತದೆ. ಇದರಿಂದ ಅಪಾಯವೇನಿಲ್ಲ, ಆದರೆ ಅದನ್ನು ಮುಚ್ಚಿಸುವ ಮೊದಲು ಕೊಳ್ಳುವವರು ಯಾರೆಂದು ಯೋಚಿಸುವುದು ಒಳಿತು. ಇನ್ನೊಂದು ನೇಕಾರ ಕುಟುಂಬವೇ ಬಂದರೆ ಅವರಿಗೆ ಬೆಳಕು ಬೀಳುವ ಜಾಗದಲ್ಲಿ ಸಿದ್ಧವಾಗಿರುವ ಕುಣಿ ಉಪಯೋಗದ ವಸ್ತು, ಶಿಕ್ಷಕರ ಕುಟುಂಬ ಬಂದರೆ ಅದೇ ಮಕ್ಕಳು ಬೀಳುವ ತಗ್ಗು.

ಇವನ್ನೆಲ್ಲ ಹೇಳದೆ ಮುಚ್ಚಿಡಬಹುದಲ್ಲವೇ ಎಂಬ ಯೋಚನೆಗೆ ಕಾನೂನು ಹಿಂದೆಯೇ ಉತ್ತರ ಕೊಟ್ಟಿದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಕಲಮಿನ ಪ್ರಕಾರ, ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ತಿಳಿಯಲಾಗದ, ಸ್ವತ್ತಿನಲ್ಲಿಯ ಅಥವಾ ಒಡೆತನದಲ್ಲಿಯ ಮಹತ್ವದ ದೋಷವನ್ನು ಮಾರುವವನು ತಾನಾಗಿಯೇ ತಿಳಿಸಬೇಕು. ಬೇರೆ ಕರಾರು ಇಲ್ಲದಿದ್ದಾಗ, ತಿಳಿಸದೆ ಬಿಡುವುದನ್ನು ಅದೇ ಕಲಮು ವಂಚನೆಯೆಂದೇ ಎಣಿಸುತ್ತದೆ. ಗೋಡೆಯ ಮೇಲೆ ಎದ್ದುಕಾಣುವ ಬಿರುಕು ಈ ಮಾತಿಗೆ ಒಳಪಡುವುದಿಲ್ಲ, ಪುಟ್ಟಿಯ ಹಿಂದೆ ಮರೆಮಾಡಿದ ಬಿರುಕು ಮತ್ತು ಹಾಸುಗಲ್ಲಿನ ಕೆಳಗಿನ ಹಗೇವು ಒಳಪಡುತ್ತವೆ. ಪ್ರವಾಹದ ನೀರು ಹೊಕ್ಕ ಮನೆಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು; ಮಲಪ್ರಭೆಯ ದಂಡೆಯ ಕೊಣ್ಣೂರು, ಹೊಳೆಆಲೂರಿನಂತಹ ಊರುಗಳಲ್ಲಿ ನೀರು ಎಲ್ಲಿಯವರೆಗೆ ಏರಿತ್ತು ಎಂಬುದನ್ನು ಓಣಿಯ ಪ್ರತಿಯೊಬ್ಬರೂ ಹೇಳಬಲ್ಲರಾದ್ದರಿಂದ ಮಾಲೀಕ ಮುಚ್ಚಿಟ್ಟು ಪ್ರಯೋಜನವೂ ಇಲ್ಲ.

ಕಾಗದಪತ್ರಗಳ ಸಿದ್ಧತೆ ಇದಕ್ಕಿಂತ ಹೆಚ್ಚು ಕಾಲ ಹಿಡಿಯುವ ಕೆಲಸ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಗದಗ ಜಿಲ್ಲೆಯಾಯಿತು. ಆ ಬಳಿಕ ರೋಣ ತಾಲ್ಲೂಕಿನ ಭಾಗಗಳಿಂದ ಗಜೇಂದ್ರಗಡ ತಾಲ್ಲೂಕು ಆಯಿತು. ಹೀಗಾಗಿ ಗಜೇಂದ್ರಗಡದ ಒಂದೇ ಮನೆಯ ಮೂರು ತಲೆಮಾರಿನ ಪತ್ರಗಳಲ್ಲಿ ಮೂರು ಬಗೆಯ ವಿಳಾಸ ಸಿಗುವುದುಂಟು, ಮುಂಬಯಿ ಪ್ರಾಂತದ ಕಾಲದ ಪತ್ರವಾದರೆ ಅದು ಮೋಡಿಯಲ್ಲಿ, ಅಂದರೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಲಿಪಿಯಲ್ಲಿ, ಇರಲೂಬಹುದು. ಮನೆ ಒಂದೇ ಎಂದು ಸಾಬೀತುಪಡಿಸುವುದು ಚಕಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿಗಳ ವಿವರಣೆ. 'ಪೂರ್ವಕ್ಕೆ ಇಂಥವರ ಮನೆ' ಎಂದು ಹೆಸರಿಸಿದವರು ಅರವತ್ತು ವರ್ಷದ ಹಿಂದೆ ತೀರಿಕೊಂಡಿದ್ದರೆ, ಆ ಮನೆ ಈಗ ಯಾರದೆಂದು ಗೊತ್ತುಮಾಡಿಕೊಂಡು, ಸಿಟಿ ಸರ್ವೆ ಆಗಿರುವ ಕಡೆ ಸಿ.ಟಿ.ಎಸ್. ನಂಬರಿನ ಉತಾರದೊಂದಿಗೆ ತಾಳೆ ನೋಡಿ, ನೆಲದ ಮೇಲಿನ ಅಳತೆಯನ್ನೂ ಹಿಡಿಸಬೇಕಾಗುತ್ತದೆ. ಎರಡು ಮನೆಗಳ ನಡುವೆ ಒಂದೇ ಗೋಡೆಯಿರುವ ಹಳೆ ಓಣಿಗಳಲ್ಲಿ ಅದು ಸಾಮಾಯಿಕ ಗೋಡೆಯೋ, ಅಂದರೆ ಇಬ್ಬರಿಗೂ ಸೇರಿದ್ದೋ, ಒಬ್ಬರದೇ ಸ್ವಂತದ್ದೋ, ಬಚ್ಚಲ ನೀರು ಯಾರ ಸಂದಿಯಿಂದ ಹರಿಯುತ್ತದೆ ಎಂಬುದನ್ನು ನೆರೆಯವರೊಡನೆ ಮೊದಲೇ ಕುಳಿತು ಬರಹದಲ್ಲಿ ಇತ್ಯರ್ಥ ಮಾಡಿಕೊಂಡ ಮನೆಗೆ ಗಿರಾಕಿ ಸುಲಭವಾಗಿ ಸಿಗುತ್ತಾನೆ.

ಮೂರೂ ಪಟ್ಟಣಗಳಲ್ಲಿ ಪುರಸಭೆಗಳಿದ್ದು, ಅವುಗಳ ವ್ಯಾಪ್ತಿಯ ಮನೆಗೆ ಇ-ಆಸ್ತಿ ತಂತ್ರಾಂಶದ ಮೂಲಕ ಇ-ಖಾತಾ ಪಡೆಯಬೇಕು. ಹಳ್ಳಿಯ ಮನೆಗೆ ಗ್ರಾಮ ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ಬೇಕು. ಖಾತಾ ಎಂದರೆ ಸ್ಥಳೀಯ ಸಂಸ್ಥೆ ತೆರಿಗೆಗಾಗಿ ಇಡುವ ನೋಂದಣಿ. ಅದೇ ಒಡೆತನದ ಪತ್ರವಲ್ಲ. ಆದರೂ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ಇಂತಹ ಸ್ವತ್ತುಗಳ ನೋಂದಣಿಯೇ ಆಗದಂತೆ ಸರ್ಕಾರ ಮಾಡಿರುವುದರಿಂದ, ಗಿರಾಕಿ ಸಿಕ್ಕ ಮೇಲೆ ಅರ್ಜಿ ಹಾಕುವವರು ಒಪ್ಪಂದದ ಅವಧಿ ಮೀರುವ ಇಕ್ಕಟ್ಟಿಗೆ ಸಿಲುಕುತ್ತಾರೆ. ಋಣಭಾರ ಪ್ರಮಾಣಪತ್ರ, ಅಂದರೆ ಸ್ವತ್ತಿನ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ, ಕಾವೇರಿ ತಂತ್ರಾಂಶದಲ್ಲಿ ದೊರೆಯುತ್ತದೆ. ಗಣಕೀಕರಣಕ್ಕೆ ಹಿಂದಿನ ವರ್ಷಗಳಿಗೆ ಉಪನೋಂದಣಿ ಕಚೇರಿಯಲ್ಲಿಯೇ ಹುಡುಕಿಸಬೇಕು. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರ ಸಂಘ ಹುಟ್ಟಿದ ಜಿಲ್ಲೆ ಇದು. ಇಲ್ಲಿ ಅಂತಹ ಸೊಸೈಟಿಯಿಂದಲೋ ಬ್ಯಾಂಕಿನಿಂದಲೋ ಎಂದೋ ತೆಗೆದ ಸಾಲ ತೀರಿದ್ದರೂ ಉತಾರದ ಮೇಲಿನ ಬೋಜಾ, ಅಂದರೆ ಸಾಲದ ಹೊರೆಯ ನಮೂದು, ಅಳಿಸದೆ ಉಳಿದಿರುವುದು ವಿರಳವಲ್ಲ. ಬೇಬಾಕಿ ಪ್ರಮಾಣಪತ್ರ ತಂದು ಅದನ್ನು ತೆಗೆಸುವುದು ಮಾರುವವರ ಕೆಲಸವೇ ಹೊರತು ಕೊಳ್ಳುವವರದಲ್ಲ. ಸರ್ಕಾರದ ಯೋಜನೆಯಲ್ಲಿ ಮಂಜೂರಾದ ಮನೆಯಾದರೆ, ಇಂತಿಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಹಕ್ಕುಪತ್ರದಲ್ಲಿದೆಯೇ ಎಂದು ಮೊದಲು ಓದಿಕೊಳ್ಳಬೇಕು.

ಹಲವು ಮಾರಾಟಗಳು ಮುರಿದುಬೀಳುವುದು ಹೆಣ್ಣುಮಕ್ಕಳ ಸಹಿಯ ಬಳಿ. ಹಿಂದೂ ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದ್ದು, ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಆದ ವಾಟ್ನಿ, ಅಂದರೆ ಪಾಲುವಿಭಾಗ, ಮತ್ತು ಮಾರಾಟಗಳಿಗಷ್ಟೇ ವಿನಾಯಿತಿ. ಮುಸ್ಲಿಂ ಕುಟುಂಬಗಳಲ್ಲಿ ಪಾಲಿನ ಲೆಕ್ಕ ಬೇರೆಯಾದರೂ ಹೆಣ್ಣುಮಕ್ಕಳ ಪಾಲು ಇದ್ದೇ ಇದೆ. ಆದರೂ ಊರಿನಲ್ಲಿರುವ ಅಣ್ಣತಮ್ಮಂದಿರು ಮಾತ್ರ ಕುಳಿತು ಬೆಲೆ ನಿಗದಿ ಮಾಡಿ, ಸಂಚಕಾರ, ಅಂದರೆ ಮುಂಗಡ ಹಣ, ಪಡೆದು, ಆಮೇಲೆ 'ಅಕ್ಕನವರದೊಂದು ಸಹಿ ಬೇಕು' ಎಂದು ಹೊರಡುವುದು ಈಗಲೂ ನಡೆಯುತ್ತಿದೆ. ತವರಿನ ಮನೆ ಮಾರಾಟವಾಗುತ್ತಿರುವ ಸುದ್ದಿಯನ್ನು ಸಹಿಯ ದಿನವೇ ಕೇಳಿದ ತಂಗಿ ಸಿಟ್ಟಾಗುವುದು ಸಹಜ, ಮತ್ತು ಆ ಸಿಟ್ಟಿಗೆ ಕಾನೂನಿನ ಬೆಂಬಲವಿದೆ. ಅವರಿಗೂ ಪಾಲು ಕೊಟ್ಟು ಖರೀದಿ ಪತ್ರದಲ್ಲಿ ಸೇರಿಸಿಕೊಳ್ಳುವುದೋ, ಅವರು ಮನಃಪೂರ್ವಕವಾಗಿ ಒಪ್ಪಿದರೆ ಹಕ್ಕುಬಿಡುಗಡೆ ಪತ್ರವನ್ನು ನೋಂದಾಯಿಸುವುದೋ, ಎರಡರಲ್ಲಿ ಒಂದು ಮನೆ ತೋರಿಸಲು ಆರಂಭಿಸುವ ಮೊದಲೇ ಮುಗಿದಿರಬೇಕು. ದೂರದ ಊರಿನಲ್ಲಿರುವವರು ವಟಮುಖತ್ಯಾರ ಪತ್ರ, ಅಂದರೆ ತಮ್ಮ ಪರವಾಗಿ ಸಹಿ ಮಾಡುವ ಅಧಿಕಾರದ ಪತ್ರ, ಕೊಡಬಹುದು. ಆದರೆ ಆ ಪತ್ರವನ್ನೇ ಮಾರಾಟದ ಪತ್ರವೆಂದು ಬಳಸಿದರೆ ಒಡೆತನ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಹೇಳಿದೆ.

ಇಷ್ಟಾದ ಮೇಲೆ ಉಳಿಯುವುದು ಕಣ್ಣಿಗೆ ಕಾಣುವ ಅಂದ. ಬೀಗ ಹಾಕಿದ ಮನೆಯ ವಾಸನೆ ಹೋಗಲು ಒಂದು ವಾರ ಬಾಗಿಲು, ಕಿಟಕಿ, ಮಾಳಿಗೆಯ ಬೆಳಕಿಂಡಿಗಳನ್ನು ತೆರೆದಿಡುವುದು, ಅಟ್ಟದ ಹಳೆಯ ಸಾಮಾನು ಖಾಲಿ ಮಾಡುವುದು, ದನ ಕಟ್ಟುತ್ತಿದ್ದ ಜಾಗವನ್ನು ಬಳಿದು ಬೈಕು ನಿಲ್ಲಿಸಲು ಬರುತ್ತದೆಂದು ತೋರಿಸುವುದು ಖರ್ಚಿಲ್ಲದ ಕೆಲಸಗಳು. ನಳದ ನೀರು ನಿತ್ಯ ಬಾರದ ಊರುಗಳಲ್ಲಿ ನೆಲದಡಿಯ ನೀರಿನ ತೊಟ್ಟಿ ತೊಳೆದು ತುಂಬಿದ್ದರೆ ನೋಡಲು ಬಂದ ಹೆಣ್ಣುಮಕ್ಕಳ ಮೆಚ್ಚುಗೆ ಅಲ್ಲಿಯೇ ಅರ್ಧ ಸಿಕ್ಕಂತೆ. ಕೆತ್ತನೆಯ ಬಾಗಿಲುವಾಡ, ಸಾಗವಾನಿ ಕಂಬಗಳನ್ನು ಹಳೆಯ ವಸ್ತುಗಳ ವ್ಯಾಪಾರಿಗಳಿಗೆ ಕಿತ್ತು ಮಾರಿ, ಆಮೇಲೆ ಮನೆಗೆ ಗಿರಾಕಿ ಹುಡುಕುವುದು ಮಾತ್ರ ಎರಡು ಬಗೆಯ ನಷ್ಟ, ಏಕೆಂದರೆ ಕಂಬ ಹೋದ ಮಾಳಿಗೆಗೆ ಆಧಾರವೂ ಇಲ್ಲ, ಅಂದವೂ ಇಲ್ಲ. ವಾಸ್ತು ಮತ್ತು ಆಯದ ಲೆಕ್ಕಕ್ಕೆ ಹೆದರಿ ದಕ್ಷಿಣದ ಬಾಗಿಲನ್ನು ಒಡೆದು ಬೇರೆಡೆಗೆ ಇಡಿಸುವವರಿದ್ದಾರೆ. ಆಯ ಎಂದರೆ ಮನೆಯ ಉದ್ದಗಲಗಳ ಗುಣಾಕಾರದಿಂದ ಶುಭಾಶುಭ ಎಣಿಸುವ ಸಂಪ್ರದಾಯ. ಕೊಳ್ಳುವವರು ಕರೆತರುವ ಜೋಯಿಸರು ಏನು ಹೇಳುತ್ತಾರೆಂದು ಮೊದಲೇ ಊಹಿಸಲು ಬಾರದ್ದರಿಂದ ಆ ಖರ್ಚನ್ನು ಅವರಿಗೇ ಬಿಡುವುದು ಲೇಸು.

ಬೆಲೆ ಹೇಳುವಾಗ ಸರ್ಕಾರದ ಮಾರ್ಗಸೂಚಿ ಬೆಲೆ, ಅಂದರೆ ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ನಿಗದಿಯಾದ ಕನಿಷ್ಠ ದರ, ತಿಳಿದಿರಬೇಕು. ಕರಾರು ಬೇರೆ ಇಲ್ಲದಿದ್ದರೆ ಮುದ್ರಾಂಕ ಮತ್ತು ನೋಂದಣಿಯ ಖರ್ಚು ಕೊಳ್ಳುವವರದು, ಮತ್ತು 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿರುವುದರಿಂದ ಅವರು ಅದನ್ನು ಬೆಲೆಯಲ್ಲಿ ಹಿಡಿದೇ ಮಾತಾಡುತ್ತಾರೆ. ಸಂಚಕಾರವನ್ನು ₹20,000 ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದ್ದು, ಪಡೆದವರೇ ದಂಡಕ್ಕೆ ಗುರಿಯಾಗುತ್ತಾರೆ. ಪೂರ್ತಿ ಹಣ ಸಂದು ಖರೀದಿ ಪತ್ರ ನೋಂದಣಿಯಾದ ಮೇಲೆ, ಮಾರುವವರು ತಮ್ಮ ಬಳಿಯಿರುವ ಹಳೆಯ ಪತ್ರಗಳನ್ನೆಲ್ಲ, ಮೋಡಿ ಲಿಪಿಯ ಕಾಗದಗಳನ್ನೂ ಸೇರಿಸಿ, ಕೊಳ್ಳುವವರಿಗೆ ಒಪ್ಪಿಸಬೇಕೆಂಬುದು 1882ರ ಅದೇ ಕಲಮಿನ ಮಾತು. ಹೆಸ್ಕಾಂನ ಮೀಟರಿನ ಹೆಸರು, ನಳದ ಸಂಪರ್ಕ ಮತ್ತು ಪುರಸಭೆಯ ಖಾತೆ ಹೊಸಬರ ಹೆಸರಿಗೆ ಬದಲಾಗುವವರೆಗೆ ಬಿಲ್ಲುಗಳು ಹಳೆಯ ಹೆಸರಿನಲ್ಲಿಯೇ ಬರುತ್ತವೆಯಾದ್ದರಿಂದ, ಕಬ್ಜೆ ಕೊಟ್ಟ ದಿನದ ಮೀಟರ್ ಓದನ್ನು ಬರೆದು ಇಬ್ಬರೂ ಸಹಿ ಮಾಡಿಟ್ಟುಕೊಳ್ಳಬೇಕು.